ಸ್ಪ್ಯಾನಿಷ್‌ನಲ್ಲಿ ‘ಬೇಡ’ ಎನ್ನುವುದು: ಧಾತು ಬದಲಾಗುವ ಕ್ರಿಯಾಪದಗಳು

‘ಮುಚ್ಚು’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ಸ್ಯೆರ್ರಾ’. ಅದಕ್ಕೆ ‘ನೊ’ ಅಂಟಿಸಿ ‘ನೊ ಸ್ಯೆರ್ರಾ’ ಅಂದರೆ ‘ಮುಚ್ಚಬೇಡ’ ಆಗುವುದಿಲ್ಲ, ‘ಅವನು ಮುಚ್ಚುವುದಿಲ್ಲ’ ಎಂದಾಗುತ್ತದೆ. ಕ್ರಿಯಾಪದದ ರೂಪವೇ ಬದಲಾಗಬೇಕು. ಕನ್ನಡದಲ್ಲೂ ‘ಮುಚ್ಚು ಬೇಡ’ ಅನ್ನುವುದಿಲ್ಲವಲ್ಲ, ಹಾಗೇ. (ಇಲ್ಲಿ ಕೊಟ್ಟಿರುವುದು ಲ್ಯಾಟಿನ್ ಅಮೆರಿಕದ ಉಚ್ಚಾರ.)

ಯಾವಾಗಲೂ ವರ್ತಮಾನದ ‘ನಾನು’ ರೂಪದಿಂದ ಹೊರಡಿ. ಸೆರ್ರಾರ್ (ಮುಚ್ಚುವುದು) ಎಂಬುದರ ‘ನಾನು’ ರೂಪ ಸ್ಯೆರ್ರೊ. ಕೊನೆಯ ‘ಒ’ ತೆಗೆಯಿರಿ. ಮೂಲಪದ ‘ಆರ್’ನಿಂದ ಮುಗಿದರೆ ‘ಎ’ ಹಾಕಿ, ‘ಎರ್’ ಅಥವಾ ‘ಇರ್’ನಿಂದ ಮುಗಿದರೆ ‘ಆ’. ‘ನೀನು’ ಎನ್ನುವವರಿಗೆ ಇನ್ನೊಂದು ‘ಸ್’, ಹಲವರಿಗೆ ‘ನ್’, ಒಬ್ಬರನ್ನೇ ಗೌರವದಿಂದ ‘ನೀವು’ ಎನ್ನುವಾಗ ಏನೂ ಬೇಡ. ನೊ ಸ್ಯೆರ್ರೆಸ್, ನೊ ಸ್ಯೆರ್ರೆನ್, ನೊ ಸ್ಯೆರ್ರೆ. ಬೊಲ್ಬೆರ್ (ಮರಳುವುದು) ಬ್ವೆಲ್ಬೊ ಮೂಲಕ ‘ನೊ ಬ್ವೆಲ್ಬಾಸ್’ ಆಗುತ್ತದೆ. ಪೆದಿರ್ (ಕೇಳಿಕೊಳ್ಳುವುದು) ಪಿದೊ ಮೂಲಕ ‘ನೊ ಪಿದಾಸ್’. ‘ನೀನು’ ರೂಪದಿಂದ ಹೊರಟರೆ ‘ಹೊಂದಿರುವುದು’ ಎಂಬರ್ಥದ ತೆನೆರ್‌ನಂಥವು ಕೈಕೊಡುತ್ತವೆ: ಸರಿಯಾದದ್ದು ತೆಂಗೊದಿಂದ ಬಂದ ‘ನೊ ತೆಂಗಾಸ್’, ‘ತ್ಯೆನಾಸ್’ ಅಲ್ಲ.

ಹೆಚ್ಚಿನವರು ಎಡವುವುದು ‘ನಾವು’ ರೂಪದಲ್ಲಿ. ಒತ್ತು ಧಾತುವಿನ ಮೇಲೆ ಬಿದ್ದಾಗ ಮಾತ್ರ ‘ಎ’ ಹೋಗಿ ‘ಯೆ’, ‘ಒ’ ಹೋಗಿ ‘ವೆ’ ಬರುತ್ತದೆ. ‘ಮುಚ್ಚುವುದು ಬೇಡ’ ಎಂಬ ನೊ ಸೆರ್ರೆಮೊಸ್‌ನಲ್ಲಿ ಒತ್ತು ‘ರ್ರೆ’ ಮೇಲೆ ಸರಿದಿದೆ, ಹಾಗಾಗಿ ‘ಸೆ’ ಹಾಗೇ ಉಳಿಯಿತು. ನೊ ಬೊಲ್ಬಾಮೊಸ್ ಕೂಡ ಹೀಗೇ. ಆದರೆ ‘ಇರ್’ ಗುಂಪು ಇಲ್ಲೂ ಸುಮ್ಮನಿರುವುದಿಲ್ಲ: ‘ಒ’ ‘ಉ’ ಆಗುತ್ತದೆ, ‘ಎ’ ‘ಇ’ ಆಗುತ್ತದೆ. ಮಲಗುವುದಕ್ಕೆ (ದೊರ್ಮಿರ್) ‘ನೊ ದ್ವೆರ್ಮಾಸ್’, ಆದರೆ ‘ನೊ ದುರ್ಮಾಮೊಸ್’. ಸುಳ್ಳು ಹೇಳುವುದಕ್ಕೆ (ಮೆಂತಿರ್) ‘ನೊ ಮ್ಯೆಂತಾಸ್’, ಆದರೆ ‘ನೊ ಮಿಂತಾಮೊಸ್’. ಈ ಎರಡು ಜೋಡಿಯನ್ನು ಬಾಯಿಪಾಠ ಮಾಡುವುದೇ ಒಳ್ಳೆಯದು. ಸ್ಪೇನಿನಲ್ಲಿ ಬಳಸುವ ‘ನೀವೆಲ್ಲ’ ರೂಪವೂ ಇದೇ ದಾರಿ ಹಿಡಿಯುತ್ತದೆ: ನೊ ದುರ್ಮಾಯಿಸ್.

ಕನ್ನಡ ಲಿಪಿಯಲ್ಲಿ ಕಾಣದ ಒಂದು ತೊಡಕು ಕಾಗುಣಿತದ್ದು. ಹುಗಾರ್ (ಆಡುವುದು) ‘ನೊ ಹ್ವೆಗೆಸ್’ ಆಗುವಾಗ ರೋಮನ್ ಲಿಪಿಯಲ್ಲಿ ‘ಜಿ’ ಆದಮೇಲೆ ಒಂದು ‘ಯು’ ಸೇರಿಸಬೇಕು. ಇಲ್ಲದಿದ್ದರೆ ಅದನ್ನು ‘ಹೆ’ ಎಂದು ಓದುತ್ತಾರೆ. ಎಂಪೆಸಾರ್ (ಶುರುಮಾಡುವುದು) ಪದದ ‘ಝಡ್’, ‘ನೊ ಎಂಪ್ಯೆಸೆಸ್’ನಲ್ಲಿ ‘ಸಿ’ ಆಗುತ್ತದೆ. ಉಚ್ಚಾರ ಬದಲಾಗುವುದಿಲ್ಲ.

‘ಕೂರು’ ಎನ್ನುವಾಗ ‘ತೆ’ (ನಿನ್ನನ್ನು) ಕೊನೆಗೆ ಅಂಟುತ್ತದೆ: ಸ್ಯೆಂತಾತೆ. ಬೇಡ ಎನ್ನುವಾಗ ಅದು ಬಿಡಿಯಾಗಿ ‘ನೊ’ ಆದ ತಕ್ಷಣ ಬರುತ್ತದೆ: ನೊ ತೆ ಸ್ಯೆಂತೆಸ್. ಇದನ್ನು ಸೆಂತಿರ್ಸೆ (ಅನಿಸುವುದು) ಜೊತೆ ಬೆರೆಸಬೇಡಿ. ‘ಬೇಜಾರು ಮಾಡ್ಕೋಬೇಡ’ ಎನ್ನಲು ‘ನೊ ತೆ ಸ್ಯೆಂತಾಸ್ ಮಾಲ್’. ‘ನೊ ತೆ ಸ್ಯೆಂತೆಸ್ ಆಕಿ’ ಅಂದರೆ ಇಲ್ಲಿ ಕೂರಬೇಡ; ‘ನೊ ತೆ ಸ್ಯೆಂತೆಸ್ ಬ್ಯೆನ್’ ಅಂದರೆ ಸಾಮಾನ್ಯವಾಗಿ ‘ನಿನಗೆ ಹುಷಾರಿಲ್ಲ’ ಎಂದರ್ಥ, ಆಜ್ಞೆಯಲ್ಲ.