ದೊಡ್ಡ ನಾಯಿ ಸರಿ, ಆದರೆ ಯಾವ ಜಾತಿ? ಗುರುತು ಹಚ್ಚುವುದು ಹೀಗೆ

ಕಾಫಿ ತೋಟದ ಗೇಟಿನ ಹತ್ತಿರ ಒಂದು ದೊಡ್ಡ ನಾಯಿ ಬಂದು ಮಲಗಿದೆ ಅಂದುಕೊಳ್ಳಿ. ಯಾರದ್ದು ಅಂತ ಗೊತ್ತಿಲ್ಲ. ಮೈಮೇಲೆ ಹುಲಿಪಟ್ಟೆ, ಜೋತುಬಿದ್ದ ತುಟಿ, ಉದ್ದ ಕಾಲು. ಅರ್ಧ ಗಂಟೆಯಲ್ಲಿ ಅದಕ್ಕೆ ನಾಲ್ಕು ಹೆಸರು ಬಿದ್ದಿರುತ್ತವೆ. ತೋಟದ ಲೆಕ್ಕ ಬರೆಯುವ ರೈಟರು ಗ್ರೇಟ್ ಡೇನ್ ಅನ್ನುತ್ತಾರೆ. ಪಕ್ಕದ ಹೋಂಸ್ಟೇಯವರು ಮ್ಯಾಸ್ಟಿಫ್ ಅನ್ನುತ್ತಾರೆ. ಮೊಬೈಲ್ ಆ್ಯಪ್ ಇನ್ನೇನೋ ತೋರಿಸುತ್ತದೆ. ‘ಸಾಹುಕಾರ್ರೇ, ಇದು ನಾಯಿಯೋ ಕರುವೋ?’ ಅಂತ ಕೇಳಿದ ಮೇಸ್ತ್ರಿಯ ಮಾತೇ ಸದ್ಯಕ್ಕೆ ವಾಸಿ. ಅವರು ಗಾತ್ರ ನೋಡಿ ಮಾತಾಡಿದ್ದಾರೆ, ಉಳಿದವರೆಲ್ಲ ಬಣ್ಣ ನೋಡಿ.

ತಳಿ ಗುರುತಿಸುವಾಗ ಜಾಸ್ತಿ ಜನ ಎಡವುವುದು ಇಲ್ಲೇ. ಬಣ್ಣ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ, ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದೂ ಅದೇ. ಆದ್ದರಿಂದ ಮೊದಲು ಮೂಳೆ, ಆಮೇಲೆ ಕೂದಲು, ಕೊನೆಗೆ ಬಣ್ಣ.

ಮುಟ್ಟುವ ಮೊದಲು

ಗುರುತಿಲ್ಲದ ದೊಡ್ಡ ನಾಯಿಯ ಹತ್ತಿರ ನೇರವಾಗಿ ಹೋಗಬೇಡಿ. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತು ಅದೇ ಬರುವವರೆಗೆ ಕಾಯಿರಿ. ಅನ್ನ, ನೀರು ಇಟ್ಟು ಹಿಂದೆ ಸರಿಯಿರಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಇದರಲ್ಲಿ ಸಸಾರ ಬೇಡ.

ನಾಯಿ ಸಾಧುವಾಗಿದ್ದರೆ ಕುತ್ತಿಗೆ ನೋಡಿ. ಬೆಲ್ಟ್ ಇಲ್ಲದಿದ್ದರೂ, ಬೆಲ್ಟ್ ಇದ್ದ ಕಡೆ ಕೂದಲು ಸವೆದಿರುತ್ತದೆ. ಅಲ್ಲಿಗೆ ಅದು ಸಾಕಿದ ನಾಯಿ ಅಂತಾಯ್ತು. ಪಶು ಆಸ್ಪತ್ರೆಗೆ ಒಯ್ಯುವುದಾದರೆ ಮೈಕ್ರೋಚಿಪ್ ಸ್ಕ್ಯಾನರ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಎಲ್ಲ ಕಡೆ ಇರುವುದಿಲ್ಲ. ಚಿಪ್ಪನ್ನು ಸಾಮಾನ್ಯವಾಗಿ ಭುಜಗಳ ನಡುವೆ ಚರ್ಮದ ಕೆಳಗೆ ಹಾಕಿರುತ್ತಾರೆ, ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಾಯಿಸಿದ ನಾಯಿಯಾದರೆ, ಆ ನಂಬರಿನಿಂದ ತಳಿಯೂ ಸಿಕ್ಕೀತು, ಮಾಲೀಕರೂ ಸಿಕ್ಕಾರು. ಕೆಲಸ ಅಲ್ಲಿಗೇ ಮುಗಿಯಿತು.

ಟೇಪು ಹಿಡಿಯಿರಿ

ಚಿಪ್ ಇಲ್ಲದಿದ್ದರೆ ಅಳತೆಗೆ ಇಳಿಯಿರಿ. ನಾಯಿಯ ಎತ್ತರ ಅಂದರೆ ತಲೆಯ ಎತ್ತರ ಅಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ, ಎರಡು ಭುಜದ ಮೂಳೆಗಳ ತುದಿ ಕೈಗೆ ಸಿಗುತ್ತದೆ. ಅಲ್ಲಿಂದ ನೆಲದವರೆಗಿನದ್ದೇ ಎತ್ತರ. ಕಾಫಿ ಒಣಗಿಸುವ ಕಣ ಇದಕ್ಕೆ ಒಳ್ಳೆಯ ಜಾಗ, ನೆಲ ಸಮ ಇರುತ್ತದೆ. ನಾಯಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಭುಜದ ಮೇಲೆ ಒಂದು ಗಟ್ಟಿ ಪುಸ್ತಕವನ್ನು ಅಡ್ಡ ಇಟ್ಟು, ಗೋಡೆಯ ಮೇಲೆ ಗೆರೆ ಹಾಕಿ. ಟೇಪನ್ನು ಮೈಮೇಲೆ ಹರಿಸಿ ಅಳೆದರೆ ನಾಲ್ಕೈದು ಸೆಂ.ಮೀ. ಸುಮ್ನೆ ಜಾಸ್ತಿ ಬರುತ್ತದೆ.

ಈಗ ಅಂಕಿ ನೋಡಿ. ಗಂಡು ಗ್ರೇಟ್ ಡೇನ್ ಕನಿಷ್ಠ 80 ಸೆಂ.ಮೀ. ಇರಬೇಕು, ಹೆಣ್ಣು 72. ಗಂಡು ಐರಿಶ್ ವೂಲ್ಫ್‌ಹೌಂಡ್ ಕನಿಷ್ಠ 79. ಗಂಡು ರಾಟ್‌ವೀಲರ್ 61ರಿಂದ 68, ಅಲ್ಸೇಷಿಯನ್ 60ರಿಂದ 65. ನಮ್ಮ ಮುಧೋಳ 70ರ ಆಸುಪಾಸು. ನಿಮ್ಮ ಗೋಡೆಯ ಗೆರೆ 66ರಲ್ಲಿ ನಿಂತರೆ, ಬೆಳೆದ ಗಂಡು ನಾಯಿಯಾದರೆ, ಶುದ್ಧ ಗ್ರೇಟ್ ಡೇನ್ ಅನ್ನುವ ಮಾತು ಬಿಡಿ. ಒಂದು ಗೆರೆಯಲ್ಲಿ ಅರ್ಧ ವಾದ ಮುಗಿಯುತ್ತದೆ.

ಎತ್ತರ ಒಂದೇ ಸಾಲದು, ತೂಕವೂ ಬೇಕು. ಕಾಫಿ ಚೀಲ ತೂಗುವ ಕಾಟಾ ತೋಟದಲ್ಲಿ ಇದ್ದೇ ಇರುತ್ತದೆ, ಅದರ ಮೇಲೆ ನಿಲ್ಲಿಸಿ. ನಿಲ್ಲದಿದ್ದರೆ ಒಬ್ಬರು ಎತ್ತಿಕೊಂಡು ನಿಂತು, ಆಮೇಲೆ ಅವರ ತೂಕ ಕಳೆಯಿರಿ. (50 ಕೆ.ಜಿ.ಯ ನಾಯಿಯನ್ನು ಎತ್ತುವ ಹುಮ್ಮಸ್ಸು ಯಾರಿಗಿದೆ ಅನ್ನುವುದು ಬೇರೆ ಪ್ರಶ್ನೆ.) ಮುಧೋಳವೂ ರಾಟ್‌ವೀಲರೂ ಎತ್ತರದಲ್ಲಿ ಹತ್ತಿರ ಹತ್ತಿರವೇ. ಆದರೆ ಮುಧೋಳ 25 ಕೆ.ಜಿ. ಸುತ್ತಮುತ್ತ, ಗಂಡು ರಾಟ್‌ವೀಲರ್ ಸುಮಾರು 50. ಮಳೆಯಲ್ಲಿ ಅಲೆದು ಸೊರಗಿದ ನಾಯಿಯ ತೂಕವನ್ನು ಮಾತ್ರ ಪೂರ್ತಿ ನಂಬಬೇಡಿ.

ಜೊತೆಗೆ ವಯಸ್ಸು. ನಾಯಿಗೆ 28 ಹಾಲುಹಲ್ಲು, ಉದುರಿದ ಮೇಲೆ 42 ಹಲ್ಲು. ಆರೇಳು ತಿಂಗಳಿಗೆ ಹಲ್ಲು ಪೂರ್ತಿ ಬಂದಿರುತ್ತವೆ, ಆದರೆ ದೈತ್ಯ ತಳಿಗಳು ಒಂದೂವರೆ ಎರಡು ವರ್ಷದವರೆಗೂ ಬೆಳೆಯುತ್ತಲೇ ಇರುತ್ತವೆ. ಹಲ್ಲು ಬೆಳ್ಳಗೆ ಹೊಳೆಯುತ್ತಿದ್ದು, ಪಾದ ಮೈಗಿಂತ ದೊಡ್ಡದಾಗಿ ಕಂಡರೆ ಅದಿನ್ನೂ ಮರಿಯೇ. ಅಳತೆ ಬರೆದಿಟ್ಟು, ತೀರ್ಪನ್ನು ಮುಂದಕ್ಕೆ ಹಾಕಿ.

ಮೈಕಟ್ಟು, ತಲೆ

ಇನ್ನು ಪಕ್ಕದಿಂದ ನೋಡಿ. ಎದೆ ಆಳವಾಗಿ ಮೊಣಕೈವರೆಗೆ ಇಳಿದು, ಹೊಟ್ಟೆ ಒಮ್ಮೆಲೇ ಮೇಲಕ್ಕೆ ಸೆಳೆದಂತಿದೆಯಾ? ಬೆನ್ನಿನ ಮೇಲೆ ಕೈಯಾಡಿಸಿದರೆ ಸೊಂಟದ ಮೂಳೆಗಳ ತುದಿ ಸಿಗುತ್ತವೆಯಾ? ತಲೆ ಸಪೂರ, ಹಣೆಯಿಂದ ಮೂಗಿಗೆ ಇಳಿಯುವ ಕಡೆ ಮೆಟ್ಟಿಲೇ ಇಲ್ಲವೇನೋ ಅನ್ನುವಷ್ಟು ಸಪಾಟಾ? ಹಾಗಾದರೆ ಅದು ಓಟದ ನಾಯಿಗಳ ಗುಂಪಿನದು. ನಮ್ಮ ದೇಶದಲ್ಲಿ ಮುಧೋಳ (ಕ್ಯಾರವಾನ್ ಹೌಂಡ್ ಅಂತಲೂ ಕರೆಯುತ್ತಾರೆ), ರಾಂಪುರ ಹೌಂಡ್, ತಮಿಳುನಾಡಿನ ಚಿಪ್ಪಿಪಾರೈ ಈ ಗುಂಪಿಗೆ ಸೇರುತ್ತವೆ. ಇಂಥ ನಾಯಿಯನ್ನು ‘ಊಟ ಹಾಕಿಲ್ಲ ಪಾಪ’ ಅಂತ ಮರುಗುವವರೇ ಜಾಸ್ತಿ. ಅದರ ಮೈಯೇ ಹಾಗೆ.

ತಲೆ ಅಗಲ, ಮೂತಿ ಗಿಡ್ಡ, ಹಣೆ ಮೂಗು ಕೂಡುವ ಕಡೆ ಎದ್ದು ಕಾಣುವ ಮೆಟ್ಟಿಲು, ಕುತ್ತಿಗೆಯ ಕೆಳಗೆ ಸಡಿಲ ಚರ್ಮ ಇದ್ದರೆ ಮ್ಯಾಸ್ಟಿಫ್ ಗುಂಪು. ಗ್ರೇಟ್ ಡೇನ್ ಕೂಡ ಇದೇ ಕಡೆಯದು. ಆದರೆ ಅದರ ಮೂತಿ ಗಿಡ್ಡ ಅಲ್ಲ, ಉದ್ದ, ಚೌಕ. ಹಣೆ ಮತ್ತು ಮೂತಿಯ ಮೇಲಿನ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ. ಫೋಟೊ ತೆಗೆದು ಪೆನ್ನಿನಿಂದ ಎರಡು ಗೆರೆ ಎಳೆದು ನೋಡಿದರೆ ಗೊತ್ತಾಗುತ್ತದೆ.

ನಿಂತ ಕಿವಿ, ಮೋಟು ಬಾಲಗಳನ್ನು ಸಾಕ್ಷಿ ಅಂತ ಹಿಡಿಯಬೇಡಿ. ಮರಿಯಿದ್ದಾಗಲೇ ಕತ್ತರಿಸಿರಬಹುದು. ತುದಿಯನ್ನು ಮುಟ್ಟಿ ನೋಡಿದರೆ ಗಟ್ಟಿ ಕಲೆ ಸಿಗುತ್ತದೆ.

ಕೂದಲು, ಬೆನ್ನು, ಕಾಲು

ಭುಜದ ಹತ್ತಿರ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿ. ಮೇಲೆ ಒರಟು ಕೂದಲು, ಕೆಳಗೆ ಮೆತ್ತಗಿನ ಒತ್ತಾದ ಇನ್ನೊಂದು ಪದರ ಇದ್ದರೆ ಚಳಿ ದೇಶದ ರಕ್ತ ಇದೆ ಅನ್ನಬಹುದು. ಒಂದೇ ಪದರ ಇದ್ದು ಚರ್ಮ ಬೇಗ ಕಂಡರೆ ಬಿಸಿಲು ನಾಡಿನದು. ಹೇಗೂ ಕೈ ಹಾಕಿದ್ದೀರಿ, ಉಣ್ಣಿ, ಜಿಗಣೆ ಇದ್ದರೆ ತೆಗೆದುಬಿಡಿ.

ಕುಶಾಲನಗರದ ಕಡೆ ಒಂದು ತಮಾಷೆ ಇದೆ. ಕಾವೇರಿ ದಾಟಿದರೆ ಬೈಲುಕುಪ್ಪೆ, ಟಿಬೆಟನ್ನರ ಊರು. ಹಾಗಾಗಿ ಜೂಲು ಕೂದಲಿನ ಯಾವ ನಾಯಿ ಕಂಡರೂ ‘ಟಿಬೆಟನ್ ಮ್ಯಾಸ್ಟಿಫ್’ ಅಂದುಬಿಡುವುದು. ಆ ತಳಿಯ ಗಂಡು ಕನಿಷ್ಠ 66 ಸೆಂ.ಮೀ. ಇರುತ್ತದೆ, ಕೂದಲು ಎರಡು ಪದರ, ಪೊದೆಯಂಥ ಬಾಲ ಬೆನ್ನಿನ ಮೇಲೆ ಸುರುಳಿ. ಮೂರೂ ಕೂಡಿದರೆ ಮಾತ್ರ ಯೋಚಿಸಿ.

ಬೆನ್ನಿನ ನಡುಗೆರೆಯಲ್ಲಿ ಕೂದಲು ಉಲ್ಟಾ, ಅಂದರೆ ತಲೆಯ ಕಡೆಗೆ ತಿರುಗಿ ಬೆಳೆದಿದ್ದರೆ ಅದು ಗಟ್ಟಿ ಸುಳಿವು. ರೊಡೇಷಿಯನ್ ರಿಜ್‌ಬ್ಯಾಕ್‌ನಲ್ಲಿ ಈ ಪಟ್ಟಿ ಭುಜದ ಹಿಂದೆ ಎರಡು ಸುಳಿಗಳಿಂದ ಶುರುವಾಗಿ, ಸೊಂಟದ ಕಡೆ ಸಪೂರವಾಗುತ್ತಾ ಹೋಗುತ್ತದೆ. ಥಾಯ್ಲೆಂಡಿನ ಒಂದು ತಳಿಯಲ್ಲೂ ಇಂಥ ಪಟ್ಟಿ ಇದೆ. ನಾಯಿ ಪೂರ್ತಿ ಒಣಗಿದ ಮೇಲೆ ನೋಡಿ. ನಮ್ಮ ಮಳೆಗೆ ನೆನೆದ ನಾಯಿಯ ಬೆನ್ನಿನಲ್ಲಿ ಎಂಥ ಪಟ್ಟಿ ಬೇಕಾದರೂ ಕಾಣುತ್ತದೆ.

ಹಿಂಗಾಲಿನ ಒಳಬದಿಯಲ್ಲಿ ಮೇಲೆ ಒಂದು ಹೆಚ್ಚಿನ ಉಗುರು ಇದೆಯಾ ನೋಡಿ. ಫ್ರಾನ್ಸಿನ ಬೋಸರಾನ್, ಬ್ರಿಯಾರ್ ತಳಿಗಳಿಗೆ ಅಲ್ಲಿ ಎರಡೆರಡು ಇರಬೇಕು. ಒಂದೇ ಇದ್ದರೆ ಜಾಸ್ತಿ ಅರ್ಥ ಇಲ್ಲ, ಬೀದಿ ನಾಯಿಯಲ್ಲೂ ಇರುತ್ತದೆ. ಆದರೂ ಬರೆದಿಡಿ. ನಾಲಿಗೆಯ ಕಪ್ಪು ಮಚ್ಚೆಯೂ ಅಷ್ಟೇ, ಮಚ್ಚೆ ಇದ್ದ ಮಾತ್ರಕ್ಕೆ ಕಪ್ಪು ನಾಲಿಗೆಯ ಚೌಚೌ ತಳಿ ಆಗುವುದಿಲ್ಲ.

ಕೊನೆಗೆ ಬಣ್ಣ

ಹುಲಿಪಟ್ಟೆ ಗ್ರೇಟ್ ಡೇನ್‌ನಲ್ಲಿದೆ, ಬಾಕ್ಸರ್‌ನಲ್ಲಿದೆ, ಊರಿನ ಕಂತ್ರಿ ನಾಯಿಯಲ್ಲೂ ಇದೆ. ಪೂರ್ತಿ ಬಿಳಿ ಮೈ, ಗುಲಾಬಿ ಮೂಗು ಇದ್ದರೆ ತಮಿಳುನಾಡಿನ ರಾಜಪಾಳೆಯಂ ತಳಿ ನೆನಪಾಗುವುದು ಸಹಜ, ಆದರೆ ಅಳತೆ, ಮೈಕಟ್ಟು ಒಪ್ಪಿದ ಮೇಲೆ. ಹಾಗೆ ಪೂರ್ತಿ ಬಿಳಿ ಇರುವ ನಾಯಿ ಕಿವುಡಾಗಿರುವ ಸಾಧ್ಯತೆಯೂ ಇದೆ. ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ. ತೋಟದಲ್ಲಿ ಜೀಪು ಓಡಾಡುವ ದಾರಿ ಇದ್ದರೆ ಇದು ತಳಿಯ ಹೆಸರಿಗಿಂತ ದೊಡ್ಡ ವಿಷಯ.

ಎರಡು ತಳಿ ಕೂಡಿದರೆ ಮರಿ ಅರ್ಧ ಅಪ್ಪನ ಹಾಗೆ, ಅರ್ಧ ಅಮ್ಮನ ಹಾಗೆ ಇರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ ಬಸೆಂಜಿ ಹಾಗೂ ಕಾಕರ್ ಸ್ಪ್ಯಾನಿಯಲ್ ತಳಿಗಳನ್ನು ಕೂಡಿಸಿ, ತಲೆಮಾರು ಬೆಳೆಸಿ, 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಎಷ್ಟೋ ಮರಿಗಳು ಎರಡೂ ತಳಿಯನ್ನು ಹೋಲುತ್ತಿರಲಿಲ್ಲ. ಎರಡೇ ತಳಿಗೆ ಹೀಗಾದರೆ, ನಾಲ್ಕೈದು ಬೆರೆತ ನಾಯಿಯ ಮುಖ ನೋಡಿ ಹೆಸರು ಹೇಳುವುದು ಹೇಗೆ? ಮೈಕ್ರೋಚಿಪ್ ಇಲ್ಲದ, ಅಳತೆಗೆ ಕೂಡದ ನಾಯಿಯನ್ನು ‘ಕ್ರಾಸ್’ ಅಂತ ಬರೆಯುವುದೇ ಮರ್ಯಾದೆ. ಪಶು ಆಸ್ಪತ್ರೆಯ ಪುಸ್ತಕಕ್ಕೆ ಅಷ್ಟು ಸಾಕು.

ಇನ್ನೂ ಕುತೂಹಲ ಇದ್ದರೆ ಡಿಎನ್ಎ ಪರೀಕ್ಷೆ ಇದೆ. ಕೆನ್ನೆಯ ಒಳಗೆ ಬತ್ತಿ ಉಜ್ಜಿ ಕಳಿಸುವುದು, ಅಷ್ಟೇ. ಆದರೆ ಕಂಪನಿಯ ಪಟ್ಟಿಯಲ್ಲಿ ಇರುವ ತಳಿಗಳಿಗೆ ಮಾತ್ರ ಅದು ಹೋಲಿಸುತ್ತದೆ. ದುಡ್ಡು ಕೊಡುವ ಮೊದಲು ಮುಧೋಳ, ರಾಜಪಾಳೆಯಂ ಅವರ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ.

ಹೆಸರು ಹಚ್ಚುವಾಗ ಜೋಪಾನ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನೂ ಅವುಗಳ ಕ್ರಾಸ್‌ಗಳನ್ನೂ ಅಪಾಯಕಾರಿ ಅಂತ ಪಟ್ಟಿ ಮಾಡಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಆದರೆ ಸುಮ್ನೆ ‘ಪಿಟ್‌ಬುಲ್ ಕ್ರಾಸ್ ಇರಬೇಕು’ ಅಂತ ಒಬ್ಬರು ಅಂದರೆ, ಆ ಮಾತು ಸಂತೆಯಿಂದ ಸಂತೆಗೆ ಹೋಗುತ್ತದೆ. ಆಮೇಲೆ ಆ ನಾಯಿಯನ್ನು ಸಾಕಲು ಯಾರೂ ಮುಂದೆ ಬರುವುದಿಲ್ಲ. ಸ್ವಭಾವಕ್ಕೂ ತಳಿಗೂ ನಾವು ಅಂದುಕೊಂಡಷ್ಟು ನಂಟೂ ಇಲ್ಲ. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ ಅಂತ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ.

ಮಾಲೀಕರನ್ನು ಹುಡುಕುವಾಗ

ಇಷ್ಟೆಲ್ಲ ಅಳೆದು ಬರೆದದ್ದು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ‘ಗ್ರೇಟ್ ಡೇನ್ ಸಿಕ್ಕಿದೆ’ ಅಂತ ಬರೆಯಬೇಡಿ. ಮುಧೋಳ ಕ್ರಾಸ್ ಕಳೆದುಕೊಂಡವರು ಅದನ್ನು ಓದಿ ಮುಂದೆ ಹೋಗುತ್ತಾರೆ. ಎತ್ತರ, ಬಣ್ಣ, ಗಂಡೋ ಹೆಣ್ಣೋ, ಸಿಕ್ಕ ಜಾಗ, ದಿನ ಬರೆಯಿರಿ. ಪಕ್ಕದಿಂದ ಒಂದು, ಎದುರಿನಿಂದ ಒಂದು ಫೋಟೊ ಹಾಕಿ. ಆದರೆ ಯಾವುದಾದರೂ ಒಂದು ಗುರುತನ್ನು ಹೇಳದೆ ನಿಮ್ಮಲ್ಲೇ ಇಟ್ಟುಕೊಳ್ಳಿ, ಅದು ಫೋಟೊದಲ್ಲೂ ಕಾಣದಿರಲಿ. ಜಾತಿ ನಾಯಿ ಅಂದರೆ ದುಡ್ಡು, ನಮ್ಮದೇ ಅಂತ ಹೇಳಿಕೊಂಡು ಇಬ್ಬರು ಮೂವರು ಬಂದರೆ ಆಶ್ಚರ್ಯ ಇಲ್ಲ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಹಿಂಗಾಲಿನ ಆ ಹೆಚ್ಚಿನ ಉಗುರು ಎಡಕ್ಕೋ ಬಲಕ್ಕೋ ಅಂತ ಕೇಳಿ.