ನಮ್ಮ ಡೊಮೇನ್ ಗುಂಪಿಗೆ ಫೀ ಗೊತ್ತು ಮಾಡಿದ ಲೆಕ್ಕ

ನಾನು ಮುಂಬಯಿ ಪಕ್ಕದ ಠಾಣೆಯಲ್ಲಿ ಡೊಮೇನ್ (ವೆಬ್‌ಸೈಟಿನ ಹೆಸರು) ಮತ್ತು ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ) ಮಾರುವವನು. ಗಿರಾಕಿಗಳು ಹೆಚ್ಚಾಗಿ ನಮ್ಮವರೇ. ಉಡುಪಿ ಹೋಟೆಲ್, ಕ್ಯಾಟರಿಂಗ್, ಟ್ಯೂಷನ್ ಕ್ಲಾಸ್ ನಡೆಸುವವರು. 2019ರಲ್ಲಿ ಇದೇ ಕೆಲಸದ ಏಳು ಕನ್ನಡಿಗರು ಮಾಟುಂಗಾದ ಒಂದು ಹೋಟೆಲಿನಲ್ಲಿ ಕೂತೆವು. ಎಲ್ಲರೂ ಸೇರಿ ರಿಜಿಸ್ಟ್ರಾರ್ ಬಳಿ, ಅಂದರೆ ಹೆಸರು ನೋಂದಾಯಿಸುವ ಕಂಪನಿಯ ಬಳಿ, ಒಂದೇ ರೀಸೆಲ್ಲರ್ (ಮರುಮಾರಾಟದ) ಖಾತೆ ಇಟ್ಟುಕೊಳ್ಳೋಣ ಅಂತ ಮಾತಾಯಿತು. ಎಲ್ಲರದೂ ಸೇರಿದರೆ 3,400 ಹೆಸರು. ಅಷ್ಟಾದರೆ ಕಡಿಮೆ ದರದ ಸ್ಲ್ಯಾಬ್ ಸಿಗುತ್ತದೆ. ಒಬ್ಬೊಬ್ಬರಾಗಿ ಯಾರಿಗೂ ಅದು ಸಿಗುತ್ತಿರಲಿಲ್ಲ.

ನಾವೇ ರಿಜಿಸ್ಟ್ರಾರ್ ಆಗೋಣ ಅಂತಲೂ ಯೋಚಿಸಿದ್ದೆವು. ಅದಕ್ಕೆ ಲೋಕದ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಮಾನ್ಯತೆ ಬೇಕು. ಅರ್ಜಿಗೇ 3,500 ಡಾಲರ್. ಆಮೇಲೆ ವರ್ಷಕ್ಕೆ 4,000 ಡಾಲರ್. ಕೈಯಲ್ಲಿ 70,000 ಡಾಲರ್ ಬಂಡವಾಳ ಇದೆ ಅಂತ ತೋರಿಸಬೇಕು. ಆ 4,000 ಎಲ್ಲರಿಗೂ ಒಂದೇ. ಸಾವಿರ ಹೆಸರು ಇರುವವರಿಗೆ ಹೆಸರೊಂದಕ್ಕೆ 4 ಡಾಲರ್ ಬೀಳುತ್ತದೆ. ಹತ್ತು ಲಕ್ಷ ಇರುವವರಿಗೆ ಅರ್ಧ ಸೆಂಟೂ ಬೀಳುವುದಿಲ್ಲ.

ಇದು ಸರಿಯಲ್ಲ ಅಂತ ಬೈದುಕೊಂಡ ನಾವೇ ಅದೇ ತಪ್ಪು ಮಾಡಿದೆವು. ಹೆಸರುಗಳನ್ನು ನೋಡಿಕೊಳ್ಳುವ ಆನ್‌ಲೈನ್ ಪ್ಯಾನೆಲ್, ಲೆಕ್ಕದವರ ಸಂಬಳ, ಜಿಎಸ್‌ಟಿ ಕೆಲಸ ಸೇರಿ ವರ್ಷದ ಖರ್ಚು 84,000 ರೂಪಾಯಿ. ಏಳಕ್ಕೆ ಭಾಗಿಸಿ ತಲೆಗೆ 12,000 ಅಂತ ಬರೆದೆವು. ಗುಂಪಿನಲ್ಲಿ ಡೊಂಬಿವಲಿಯ ತಂಗಿಯೊಬ್ಬಳ ಬಳಿ ಇದ್ದದ್ದು 60 ಹೆಸರು. ಅಂಧೇರಿಯ ಶೆಟ್ರ ಬಳಿ 1,500. ಆರು ತಿಂಗಳ ಮೇಲೆ ಅವಳು ಕೇಳಿದಳು: "ಅಣ್ಣ, ನನಗೆ ಹೆಸರಿಗೆ 200 ರೂಪಾಯಿ, ಅವರಿಗೆ 8. ನಾನು ಗಿರಾಕಿಗೆ ಏನಂತ ರೇಟು ಹೇಳಲಿ?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ 12,000 ಬರೆದದ್ದು ನನ್ನ ಕೈಯೇ.

ಹಾಗಾದರೆ ಪೂರ್ತಿ ಹೆಸರಿನ ಲೆಕ್ಕದಲ್ಲೇ ಹಾಕೋಣ ಅಂದೆ. ಶೆಟ್ರು ಒಪ್ಪಲಿಲ್ಲ. ಅವರ ಮಾತಿನಲ್ಲೂ ನ್ಯಾಯ ಇತ್ತು. ಸ್ಲ್ಯಾಬ್ ಸಿಕ್ಕಿದ್ದೇ ಅವರ ಹೆಸರುಗಳಿಂದ. ಲೆಕ್ಕದವರಿಗೆ ಫೋನ್ ಹೆಚ್ಚು ಬರುವುದು ಸಣ್ಣವರಿಂದ. ಮೂರು ಭಾನುವಾರ ಕೂತು ಕೊನೆಗೆ ಹೀಗೆ ಮಾಡಿದೆವು. ಎಲ್ಲರೂ 3,000 ಕಟ್ಟಬೇಕು. ಮೊದಲ 500 ಹೆಸರಿಗೆ ತಲಾ 22 ರೂಪಾಯಿ. ಅದರ ಮೇಲಿನದಕ್ಕೆ 11. ಡೊಂಬಿವಲಿಯವಳಿಗೆ 4,320 ಆಯಿತು. ಶೆಟ್ರಿಗೆ 25,000. ಅವರಿಗೆ ಜಾಸ್ತಿಯಾದದ್ದು 13,000, ನಿಜ. ಆದರೆ ಹೊಸ ಸ್ಲ್ಯಾಬಿನಿಂದ ಹೆಸರಿಗೆ 35 ರೂಪಾಯಿ ಉಳಿಯುತ್ತಿತ್ತು. ಕಾಗದದಲ್ಲಿ ಗುಣಿಸಿ ತೋರಿಸಿದೆ. ಸಹಿ ಹಾಕಿದರು.

ಮತದ ವಿಷಯಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ. ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯಲ್ಲಿ ಸದಸ್ಯನಿಗೆ ಒಂದೇ ಮತ. ಮುಂಬಯಿಯಲ್ಲಿ ಹೌಸಿಂಗ್ ಸೊಸೈಟಿಯಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ಜರ್ಮನಿಯ ಡಾಟ್ ಡಿಇ ಹೆಸರುಗಳನ್ನು ನಡೆಸುವ ಡೆನಿಕ್ ಕೂಡ ಸಹಕಾರಿ ಸಂಘವೇ. ನಮ್ಮಲ್ಲೂ ಹಾಗೇ: ಹೆಸರು ಎಷ್ಟೇ ಇರಲಿ, ಮತ ಒಂದೇ.

ದೊಡ್ಡ ಪೆಟ್ಟು ಬಿದ್ದದ್ದು ಠೇವಣಿಯಲ್ಲಿ. ಹೆಸರು ಕೊಳ್ಳಲು, ರಿನ್ಯೂ ಮಾಡಲು ಖಾತೆಯಲ್ಲಿ ಕಟ್ಟಿಡುವ ಮುಂಗಡ ಹಣ ಎಲ್ಲರದೂ ಒಂದೇ ಕಡೆ ಇತ್ತು. ಒಂದು ಮಳೆಗಾಲದಲ್ಲಿ ಒಬ್ಬರು ಒಟ್ಟಿಗೆ ನಲವತ್ತು ಹೆಸರು ರಿನ್ಯೂ ಮಾಡಿದರು. ಬ್ಯಾಲೆನ್ಸ್ ಖಾಲಿಯಾಯಿತು. ನನ್ನ ಗಿರಾಕಿ, ಒಬ್ಬ ಮಿಠಾಯಿ ಅಂಗಡಿಯವರು. ಅವರ ಡಾಟ್ ಕಾಮ್ ಹೆಸರು ಆ ದಿನವೇ ರಿನ್ಯೂ ಆಗಬೇಕಿತ್ತು. ಆಗಲಿಲ್ಲ. ಎರಡು ದಿನ ಅವರ ಇಮೇಲ್ ಬಂದ್. ಅವಧಿ ಮುಗಿದ ಮೇಲೂ ಸ್ವಲ್ಪ ದಿನ ಬಿಡುವು ಇರುತ್ತದೆ, ಅದರಲ್ಲಿ ಉಳಿಸಿಕೊಂಡೆ. ಅದೂ ದಾಟಿದ್ದರೆ 30 ದಿನಗಳ ರಿಡೆಂಪ್ಶನ್, ಆಗ ಬಿಡಿಸಿಕೊಳ್ಳಲು ತುಂಬಾ ದುಡ್ಡು. ಅಂದಿನಿಂದ ಒಬ್ಬೊಬ್ಬರಿಗೆ ಬೇರೆ ಲೆಕ್ಕ. ಕನಿಷ್ಠ ಮೊತ್ತ ಇರಲೇಬೇಕು. ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೋಗುವ ಹಾಗಿಲ್ಲ.

ಹೆಸರಿನ ದರ ಏರಿಕೆಯನ್ನು ಫೀ ಜೊತೆ ಬೆರೆಸುವುದಿಲ್ಲ. ಡಾಟ್ ಕಾಮ್‌ನ ಸಗಟು ಬೆಲೆ 2021ರ ವರೆಗೆ 7.85 ಡಾಲರ್ ಇತ್ತು. 2024ರ ಸೆಪ್ಟೆಂಬರ್‌ಗೆ 10.26 ಆಯಿತು. ಏರಿದಷ್ಟೇ ಎಲ್ಲರಿಗೂ ಹಾಕುತ್ತೇವೆ, ಒಂದು ಪೈಸೆ ಹೆಚ್ಚಿಲ್ಲ.

ಬಿಟ್ಟು ಹೋಗುವವರ ನಿಯಮಕ್ಕೆ ನಾನು ಹಟ ಹಿಡಿದೆ. ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ವರ್ಗಾವಣೆ ಕೋಡ್ ಕೇಳಿದ ಐದು ದಿನದೊಳಗೆ ಕೊಡಬೇಕು ಅಂತ ಐಕಾನ್ ಹೇಳುತ್ತದೆ. ನಾವು ಎರಡು ದಿನ ಅಂತ ಬರೆದೆವು. ಸದಸ್ಯರ ಫೀ ಬಾಕಿ ಇದ್ದರೂ ಗಿರಾಕಿಯ ಹೆಸರು ತಡೆಯಬಾರದು. ಬಾಕಿ ನಮ್ಮ ನಮ್ಮಲ್ಲಿ, ಹೆಸರು ಹೋಟೆಲಿನವರದು. ಪುಣೆಯವರು ಗುಂಪು ಬಿಟ್ಟಾಗ ಅವರ 300 ಹೆಸರೂ ಒಂದು ವಾರದಲ್ಲಿ ಹೋದವು. ಠೇವಣಿಯೂ ವಾಪಸ್ ಕೊಟ್ಟೆವು.

ಈಗ 8,000 ಹೆಸರಿರುವ ಒಬ್ಬರು ಸೇರುತ್ತೇನೆ ಅಂದಿದ್ದಾರೆ. 500ರ ಮೇಲಿನದಕ್ಕೆ 11 ಜಾಸ್ತಿಯಾಯಿತು, 4 ಮಾಡಿ ಅನ್ನುತ್ತಾರೆ. ಅವರು ಬಂದರೆ ಎಲ್ಲರಿಗೂ ಇನ್ನೂ ಒಳ್ಳೆ ಸ್ಲ್ಯಾಬ್ ಸಿಗುತ್ತದೆ, ಅದು ಸುಳ್ಳಲ್ಲ. ಆದರೂ 4ಕ್ಕೆ ನನ್ನ ಮತ ಇಲ್ಲ. 8ರ ತನಕ ಇಳಿಯಬಹುದು ಅಂತ ಲೆಕ್ಕ ಹಾಕಿ ಡೊಂಬಿವಲಿಯವಳಿಗೆ ಕಳಿಸಿದ್ದೇನೆ. ಈಗ ಲೆಕ್ಕಪತ್ರ ನೋಡಿಕೊಳ್ಳುವವಳು ಅವಳೇ.