ಕೌದಿಯ ಮೇಲೆ ಮನೆಯ ಫೋಟೋ, ಮನೆಯ ಮಾತು

ಹಳೆ ಬಟ್ಟೆ ಜೋಡಿಸಿ ಹೊಲಿದ ಕೌದಿಯ ಮೇಲೆ ಮನೆಯ ಫೋಟೋ ಇಳಿಸಿ, ಜೊತೆಗೆ ಮನೆಯವರ ಮಾತು ಹೊಲಿಯುವ ಬಗೆ ಇದು. ಮೂಲ ಫೋಟೋಗೆ ಕತ್ತರಿ, ಅಂಟು ಎರಡೂ ತಾಗಬಾರದು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಪಾಸ್‌ಪೋರ್ಟ್ ಅಳತೆಯದಾದರೆ 1200. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋ ಕೀಳಲು ಹೋದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟನ್ನೇ ಕೇಳಿ. ಇಂಕ್‌ಜೆಟ್ಟಿನ ಶಾಯಿ ಸಾಮಾನ್ಯವಾಗಿ ನೀರಿಗೆ ಕದಡುತ್ತದೆ. ಸಾದಾ ಕಾಗದ ಸಾಕು, ನುಣುಪು ಕಾಗದ ಉಜ್ಜಿದರೂ ಬಿಡುವುದಿಲ್ಲ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆಸಿ, ಇಲ್ಲವಾದರೆ ಬಟ್ಟೆಯ ಮೇಲೆ ಅಕ್ಷರ ಉಲ್ಟಾ ಬರುತ್ತದೆ.

ಲೇಸರ್ ಪ್ರಿಂಟರಿನ ಪುಡಿಶಾಯಿಯಾದ ಟೋನರಿನಲ್ಲಿ ಬಿಳಿ ಬಣ್ಣವಿಲ್ಲ. ಫೋಟೋದ ಬಿಳಿ ಭಾಗಕ್ಕೆ ಬಟ್ಟೆಯ ಬಣ್ಣವೇ ಬರುತ್ತದೆ. ಆದ್ದರಿಂದ ಕೌದಿ ಅಜ್ಜಿಯ ಸೀರೆಯದಿರಲಿ, ಚಿತ್ರ ಇಳಿಸುವ ತುಂಡು ಅಜ್ಜನ ಬಿಳಿ ಧೋತರದ್ದು. ಹತ್ತಿಯದೇ ಆಗಬೇಕು, ಗಂಜಿ ಪೂರ್ತಿ ಹೋಗುವಂತೆ ಒಗೆದಿರಬೇಕು.

20×15 ಸೆಂ.ಮೀ. ಪ್ರಿಂಟಿಗೆ ಸುಮಾರು ಒಂದು ದೊಡ್ಡ ಚಮಚ ಆಕ್ರಿಲಿಕ್ ಜೆಲ್ ಮೀಡಿಯಂ (ಚಿತ್ರಕಾರರು ಬಳಸುವ, ಅಂಟಿನಂಥ ಬಿಳಿ ಜೆಲ್) ಬೇಕು. ಚಿತ್ರ ಕಾಣದಷ್ಟು ಬೆಳ್ಳಗೆ ಸವರಿ, ಬಟ್ಟೆಯ ಮೇಲೆ ಬೋರಲು ಹಾಕಿ, ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿ ಹೊರಡಿಸಿ. ಗುಳ್ಳೆ ಉಳಿದ ಕಡೆ ಚಿತ್ರ ಇಳಿಯುವುದಿಲ್ಲ. ನಮ್ಮ ಬ್ಯಾಸಿಗೆಯಲ್ಲಿ ಸವರುವಷ್ಟರಲ್ಲೇ ಜೆಲ್ ಒಣಗುತ್ತದೆ. ಬೆಳಗಿನ ತಂಪಿನಲ್ಲಿ, ಫ್ಯಾನ್ ಆರಿಸಿ ಮಾಡಿ. 24 ಗಂಟೆ ನೆರಳಲ್ಲಿ ಬಿಡಿ. ಆಮೇಲೆ ಹಿಂಬದಿಯನ್ನು ಒದ್ದೆ ಮಾಡಿ, ಬೆರಳ ತುದಿಯಿಂದ ಕಾಗದ ಉಜ್ಜಿ ತೆಗೆಯಿರಿ. ಅವಸರಪಟ್ಟರೆ ಕಾಗದದ ಜೊತೆ ಚಿತ್ರವೂ ಬರುತ್ತದೆ. ಒಣಗಿದ ಮೇಲೆ ಬೂದಿ ಬಳಿದಂತೆ ಕಂಡರೆ ಕಾಗದದ ನಾರು ಉಳಿದಿದೆ ಎಂದರ್ಥ. ಮತ್ತೆರಡು ಸಲ ಉಜ್ಜಿ. ಒಂದೆರಡು ಕಡೆ ಚಿತ್ರ ಹರಿದರೆ ಬಿಡಿ, ಹರಿದದ್ದು ಈ ಕೆಲಸಕ್ಕೆ ಒಪ್ಪುತ್ತದೆ.

ಹೆಚ್ಚಿನವರು ಎಡವುವುದು ಬರಹದಲ್ಲಿ. ಚಿತ್ರ ತೋರಿಸಿದ್ದನ್ನೇ ಅಕ್ಷರವೂ ಹೇಳಿದರೆ ಅದು ಆಲ್ಬಮ್ಮಿನ ಚೀಟಿ. ‘ಅವ್ವ, ಮದುವೆಯ ದಿನ’ ಎಂದು ಬರೆಯುವ ಬದಲು, ಫೋಟೋವನ್ನು ಅವ್ವನ ಕೈಗೆ ಕೊಟ್ಟು ಸುಮ್ಮನೆ ಕೂತು ಕೇಳಿ. ‘ಆ ಸೀರಿ ನಂದಲ್ಲ, ನೆಗೆಣ್ಣಿದು’ ಎಂಬಂಥ ಮಾತು ಬಂದರೆ ಅದನ್ನೇ, ಆಡಿದ ಹಾಗೆಯೇ ಬರೆದುಕೊಳ್ಳಿ. ‘ಸೀರೆ’ ಎಂದು ತಿದ್ದಬೇಡಿ. ನೆನಪು ಇಬ್ಬರಲ್ಲಿ ಬೇರೆಯಾಗಿದ್ದರೆ ಎರಡನ್ನೂ ಹಾಕಿ. ಯಾರಾದರೂ ಬೇಡವೆಂದರೆ ಆ ಫೋಟೋ ಬಿಡಿ.

ಹಳೆ ಕಾಗದಗಳೂ ಬರಹವೇ. ರಾಯಚೂರು, ಕೊಪ್ಪಳದ ಕಡೆ 1948ರವರೆಗೆ ನಿಜಾಮರ ಆಡಳಿತವಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಟ್ರಂಕಿನಲ್ಲಿ ಉರ್ದುವಿನಲ್ಲಿರುವ ಹೊಲದ ಪತ್ರವೋ ತೆಲುಗು ಕಾಗದವೋ ಸಿಕ್ಕರೆ ಅನುವಾದಿಸದೆ ಹಾಗೇ ಇಳಿಸಿ. ಮನೆಯವರಿಗೇ ಓದಲು ಬಾರದ ಮನೆಯ ಕಾಗದ ತಾನೇ ಒಂದು ಮಾತು.

ಹಿರಿಯರ ಕೈಬರಹವನ್ನು ಕಾರ್ಬನ್ ಕಾಗದದಿಂದ ಬಟ್ಟೆಗೆ ತೆಗೆದು ಅದರ ಮೇಲೆ ಹೊಲಿಯಿರಿ. ಕೌದಿಯ ದಪ್ಪ ದಾರಕ್ಕೆ ಅಕ್ಷರ 2 ಸೆಂ.ಮೀ.ಗಿಂತ ಚಿಕ್ಕದಾದರೆ ಒತ್ತಕ್ಷರ ಗಂಟಾಗಿ ಓದಲಾಗದು. ಸೊನ್ನೆ, ಕೊಂಬುಗಳ ತಿರುವಿನಲ್ಲಿ ಹೊಲಿಗೆ 3 ಮಿ.ಮೀ. ದಾಟಬಾರದು. ಜೆಲ್ ಹತ್ತಿದ ಜಾಗ ಬಿರುಸಾಗುವುದರಿಂದ ಸೂಜಿ ಓಡುವುದು ಕಷ್ಟ. ಆದ್ದರಿಂದ ತುಂಡನ್ನು ಕೌದಿಗೆ ಜೋಡಿಸಲು ಚಿತ್ರದ ಸುತ್ತ 2 ಸೆಂ.ಮೀ. ಬಟ್ಟೆ ಖಾಲಿ ಬಿಡಿ.

ಇಸ್ತ್ರಿಯನ್ನು ಹಿಂಬದಿಯಿಂದಲೇ ಮಾಡಿ. ಮಡಚಿಡಬೇಡಿ, ಸೆಕೆಗೆ ಜೆಲ್ಲಿನ ಮುಖಗಳು ಒಂದಕ್ಕೊಂದು ಅಂಟುತ್ತವೆ. ಚಿತ್ರ ಹೊರಮುಖವಾಗಿ, ನಡುವೆ ಬಟರ್ ಪೇಪರ್ ಇಟ್ಟು ಸುತ್ತಿಡಿ.